ಕ್ಯಾಸಲ್‌ರಾಕ್ ನಿಲ್ದಾಣದ ಸುಂಕದ ತಪಾಸಣೆ ಶುರುವಾದದ್ದು, ನಿಂತದ್ದು ಯಾವಾಗ?

ಕಾಳಿತೀರ, ಕಾರವಾರ:
ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಒಂದು ಕಾಲಕ್ಕೆ ಗಡಿ ನಿಲ್ದಾಣವಾಗಿತ್ತು. ಗೋವೆಗೆ ಹೋಗಿಬರುವವರ ಟ್ರಂಕು, ಗಂಟುಗಳನ್ನು ಅಲ್ಲಿ ಬಿಚ್ಚಿಸಿ ನೋಡುತ್ತಿದ್ದರೆಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ಹಳಿ ಬಿದ್ದ ದಿನದಿಂದಲೇ ಈ ತಪಾಸಣೆ ಇತ್ತೇ? ಅದು ನಿಂತದ್ದು ಯಾವಾಗ? ಕಾರವಾರದಂಥ ಬಂದರು ಇರುವಾಗ ರೈಲು ಗೋವೆಯ ಮುರ್ಮಗೋವು ಬಂದರಿಗೆ ಹೋದದ್ದೇಕೆ ಎಂಬುದನ್ನೂ ಬಲ್ಲವರು ದಯವಿಟ್ಟು ತಿಳಿಸಿ.

ಸೋಂದಾ, ಶಿರಸಿ:
ಹಳಿ ಬಿದ್ದ ಮೊದಲಿಗೆ ಸುಂಕದ ಗಡಿ ಇರಲಿಲ್ಲ. 1878ರ ಡಿಸೆಂಬರಿನಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಮಾಡಿಕೊಂಡ ಒಪ್ಪಂದದಲ್ಲಿ ರೈಲು ಮಾರ್ಗದ ಜೊತೆಗೆ ಪರಸ್ಪರ ಸುಂಕವನ್ನು ತೆಗೆದುಹಾಕುವ ಕರಾರೂ ಇತ್ತು. ಅದಕ್ಕೆ ಪ್ರತಿಯಾಗಿ ಗೋವೆಯ ಉಪ್ಪಿನ ಮೇಲಿನ ಹಿಡಿತ ಬ್ರಿಟಿಷರ ಕೈಸೇರಿತು. ಇದು ಗೋವೆಯ ಉಪ್ಪಿನಾಗರದವರ ಹೊಟ್ಟೆಯ ಮೇಲೆ ಹೊಡೆದ ಕರಾರು, ಇದನ್ನು ಮರೆತು ಈ ರೈಲಿನ ಚರಿತ್ರೆಯನ್ನು ಹೇಳಬಾರದು. ಮೀಟರ್‌ಗೇಜ್ ಹಳಿ ಘಟ್ಟ ಹತ್ತಿ 1888ರಲ್ಲಿ ಕ್ಯಾಸಲ್‌ರಾಕ್ ಮುಟ್ಟಿತು. ಒಪ್ಪಂದದ ಅವಧಿ 1892ರ ಜನವರಿಯಲ್ಲಿ ಮುಗಿದು, ಅದನ್ನು ಮುಂದುವರಿಸದೇ ಹೋದದ್ದರಿಂದ, ಸುಂಕದ ಗಡಿ ಮರಳಿ ಬಂತು. ಘಟ್ಟದ ಮೇಲೆ ಕ್ಯಾಸಲ್‌ರಾಕ್‌ನಲ್ಲಿ ಬ್ರಿಟಿಷರ ತಪಾಸಣೆ, ಕೆಳಗೆ ಗೋವೆಯ ಕುಳೆಂನಲ್ಲಿ ಪೋರ್ಚುಗೀಸರ ತಪಾಸಣೆ. ನಿಮ್ಮ ಹಿರಿಯರು ಹೇಳಿದ್ದು ಆ ವ್ಯವಸ್ಥೆಯನ್ನೇ.

ಬಂದರುಕಟ್ಟೆ, ಅಂಕೋಲಾ:
ಬಂದರಿನ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಇದು ನಮ್ಮ ಕರಾವಳಿಯ ನೋವಿನ ಸಂಗತಿ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಬಂತು. ಅದನ್ನು ಸಾಗಿಸಲು ಕಾರವಾರವೇ ತಕ್ಕ ಬಂದರೆಂಬ ನಂಬಿಕೆಯಿಂದ 1860ರ ದಶಕದಲ್ಲಿ ಪಟ್ಟಣವೂ ಬೆಳೆಯಿತು, ಘಟ್ಟದ ರಸ್ತೆಗಳೂ ಆದವು, ರೈಲಿನ ಬೇಡಿಕೆಯೂ ಎದ್ದಿತು. ಆದರೆ ಮುರ್ಮಗೋವಿನ ಮಾರ್ಗ ಕಟ್ಟಿದ ಕಂಪನಿಯ ಬಂಡವಾಳಕ್ಕೆ ಪೋರ್ಚುಗಲ್ ಸರ್ಕಾರ ಬಡ್ಡಿಯ ಖಾತರಿ ಕೊಟ್ಟಿತು. ಘಟ್ಟದ ಹಳಿಯ ಖರ್ಚು ಪರರ ತಲೆಯ ಮೇಲೆ ಹೋಗುವಾಗ ಬ್ರಿಟಿಷರು ಕಾರವಾರಕ್ಕೆ ಏಕೆ ಹಣ ಸುರಿದಾರು? ಮುರ್ಮಗೋವಿಗೆ ರೈಲು ಬಂದ ಬಳಿಕ ಬಯಲುಸೀಮೆಯ ಸರಕು ಅತ್ತ ತಿರುಗಿ ನಮ್ಮ ಬಂದರು ಸೊರಗಿತು. ಕಾರವಾರದವರು ತಮ್ಮೂರಿನಲ್ಲೇ ರೈಲು ಹತ್ತಲು ಕೊಂಕಣ ರೈಲ್ವೆಯ ತನಕ, ಅಂದರೆ 1990ರ ದಶಕದ ತನಕ, ಕಾಯಬೇಕಾಯಿತು.

ಸೋಂದಾ, ಶಿರಸಿ:
ತಪಾಸಣೆ ನಿಂತ ಬಗೆಯನ್ನು ಹೇಳುವುದು ಉಳಿದಿತ್ತು. ಗೋವಾ ವಿಮೋಚನೆಯ ಹೋರಾಟ ಬಿಗಿಯಾದಾಗ, 1955ರಲ್ಲಿ, ಭಾರತ ಸರ್ಕಾರ ಗಡಿಯನ್ನು ಮುಚ್ಚಿ ರೈಲು ಸಂಚಾರವನ್ನೇ ನಿಲ್ಲಿಸಿತು. 1961ರ ಡಿಸೆಂಬರ್ 19ರಂದು ಗೋವೆ ಭಾರತಕ್ಕೆ ಸೇರಿದ ಮೇಲೆ ಸುಂಕದವರಿಗೆ ಅಲ್ಲಿ ಕೆಲಸವಿಲ್ಲದಾಯಿತು. ನಿಲ್ದಾಣಕ್ಕೆ ಮಾತ್ರ ಈಗಲೂ ಕೆಲಸವಿದೆ: ಕುಳೆಂವರೆಗಿನ ಇಳಿಜಾರು 37ಕ್ಕೆ 1ರಷ್ಟು ಕಡಿದಾಗಿರುವುದರಿಂದ, ಇಳಿಯುವ ಗಾಡಿಯ ಬ್ರೇಕನ್ನು ಇಲ್ಲಿ ಪರೀಕ್ಷಿಸುತ್ತಾರೆ, ಹತ್ತುವ ಗಾಡಿಯನ್ನು ಹಿಂದಿನಿಂದ ನೂಕಲು ಕುಳೆಂನಲ್ಲಿ ಜೋಡಿಸಿದ ಬ್ಯಾಂಕರ್ ಎಂಜಿನ್ನನ್ನು ಇಲ್ಲಿ ಕಳಚುತ್ತಾರೆ.