ಮಾವನ ಪಿಂಚಣಿ ಅರ್ಜಿ ವಾಪಸ್ ಬಂದಿದೆ, ಅನುಭವ ಇದ್ದವರು ಹೇಳಿ

ಬೆಂಗಳೂರಿನಿಂದ, ಕೇಳಿದವರು:
ನಮ್ಮ ಸೋದರಮಾವ ಶಿರಾ ಕಡೆ ಹಳ್ಳಿಯಲ್ಲಿದ್ದಾರೆ. ಜೀವನವೆಲ್ಲ ಕೂಲಿ. ಒಂದೂವರೆ ಎಕರೆ ಒಣಭೂಮಿ ಇದೆ, ಅದೂ ಇನ್ನೂ ನಮ್ಮ ತಾತನ ಹೆಸರಲ್ಲೇ. ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಿದ್ದೆವು. ವಯಸ್ಸು ಸಾಲದು ಅಂತ ತಿರಸ್ಕಾರ ಆಗಿದೆ. ಆಧಾರ್‌ನಲ್ಲಿ 01-01-1964 ಇದೆ, ವೋಟರ್ ಐಡಿ ಪ್ರಕಾರ 70 ದಾಟಿದೆ. ಮಾವನನ್ನು ಕೇಳಿದರೆ ‘ನೆಹರೂ ಹೋದ ವರ್ಷ ನಾನು ಮೂರನೇ ಕ್ಲಾಸು, ಲೆಕ್ಕ ಹಾಕ್ಕೋ’ ಅಂತಾರೆ. ಸಾಲದ್ದಕ್ಕೆ ಆದಾಯ ಪತ್ರದಲ್ಲಿ 48,000 ಇದೆ. ಅದು ಮೊಮ್ಮಗನ ಸ್ಕಾಲರ್‌ಶಿಪ್‌ಗೆ ಮಾಡಿಸಿದ್ದು. ಆಧಾರ್ ತಿದ್ದಿಸೋಣ ಅಂತಿದ್ದೇನೆ. ಸರಿನಾ?

ತಿಪಟೂರಿನಿಂದ:
ದಯವಿಟ್ಟು ಅವಸರ ಮಾಡಬೇಡಿ. ಆಧಾರ್‌ನಲ್ಲಿ ಹುಟ್ಟಿದ ತಾರೀಖು ಬದಲಿಸಲು ಸಾಮಾನ್ಯವಾಗಿ ಒಂದೇ ಅವಕಾಶ. ನಮ್ಮಪ್ಪನದ್ದನ್ನು ಸೈಬರ್ ಸೆಂಟರ್‌ನವನ ಮಾತು ಕೇಳಿ ತಿದ್ದಿಸಿದೆವು. ಅವನು ವರ್ಷವನ್ನೇ ತಪ್ಪಾಗಿ ಒತ್ತಿದ. ಆಮೇಲೆ ರೇಸ್‌ಕೋರ್ಸ್ ರಸ್ತೆಯ ಖನಿಜ ಭವನದಲ್ಲಿರುವ ಆಧಾರ್ ಪ್ರಾದೇಶಿಕ ಕಚೇರಿವರೆಗೂ ಅಪ್ಪನನ್ನು ಕರೆದುಕೊಂಡು ಅಲೆಯಬೇಕಾಯಿತು. ಜನವರಿ ಒಂದು ಅಂತ ನಮ್ಮೂರಲ್ಲಿ ಅರ್ಧ ಊರಿನವರಿಗೆ ಇದೆ. ನೋಂದಣಿ ಸಮಯದಲ್ಲಿ ಬಾಯಲ್ಲಿ ವಯಸ್ಸು ಹೇಳಿದವರಿಗೆಲ್ಲ ಕಂಪ್ಯೂಟರ್ ಅದೇ ದಿನ ಹಾಕಿದೆ.

ಇನ್ನೊಂದು ವಿಷಯ. ಸಂಧ್ಯಾ ಸುರಕ್ಷಾಗೆ 65 ಆಗಿರಬೇಕು, ನಿಜ. ಆದರೆ ಇಂದಿರಾ ಗಾಂಧಿ ವೃದ್ಧಾಪ್ಯ ವೇತನ 60ಕ್ಕೇ ಶುರು. ಬಿಪಿಎಲ್ ಕಾರ್ಡ್ ಬೇಕು. ಮಾವನಿಗೆ ಎರಡು ದಾಖಲೆಯಲ್ಲೂ 60 ದಾಟಿದೆ ಅಲ್ವಾ? ಹಾಗಾದರೆ ಸದ್ಯಕ್ಕೆ ಅದಕ್ಕೆ ಹಾಕಿ. ತಿಂಗಳಿಗೆ 1,200ರ ಬದಲು 800 ಬರುತ್ತೆ. ವಯಸ್ಸಿನ ಜಗಳ ಮುಗಿಯೋವರೆಗೆ ಏನೂ ಇಲ್ಲದೆ ಕೂರೋದಕ್ಕಿಂತ ವಾಸಿ.

ನಿವೃತ್ತ ಗ್ರಾಮಲೆಕ್ಕಿಗ:
ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಅಂತ ಹೆಸರು. ಜನ ಇವತ್ತಿಗೂ ವಿಎ ಅಂತಲೇ ಕರೆಯೋದು. ತಿಪಟೂರಿನವರು ಹೇಳಿದ್ದು ಸರಿ ಇದೆ.

ನಿಮ್ಮ ಮಾವ ಮೂರನೇ ಕ್ಲಾಸು ಅಂದರಲ್ಲ, ಅದನ್ನೇ ಹಿಡಿದುಕೊಳ್ಳಿ. ಮೂರನೇ ಕ್ಲಾಸಿಗೆ ಹೋದವರ ಹೆಸರು ಆ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇರಲೇಬೇಕು. ಹೆಡ್‌ಮೇಷ್ಟ್ರಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಕೊಟ್ಟು ದೃಢೀಕರಿಸಿದ ನಕಲು ಕೇಳಿ. ಗೆದ್ದಲು ಹತ್ತದಿದ್ದರೆ 1960ರ ಆಸುಪಾಸಿನ ಪುಸ್ತಕ ಬೀರುವಿನಲ್ಲಿ ಸಿಗುತ್ತೆ. ಹುಡುಕುವಾಗ ಈಗಿನ ಹೆಸರನ್ನೇ ನಂಬಬೇಡಿ. ಆಧಾರ್‌ನಲ್ಲಿ ರಂಗಪ್ಪ ಇರುವವರು ಶಾಲೆಯಲ್ಲಿ ಚಿಕ್ಕರಂಗಯ್ಯ ಆಗಿರುತ್ತಾರೆ. ತಂದೆ ಹೆಸರು ಮತ್ತು ಸೇರಿದ ವರ್ಷ ಹಿಡಿದು ನೋಡಿ. ಮೇಷ್ಟ್ರು ಬರೆದ ತಾರೀಖೂ ಅಂದಾಜಿನದೇ ಇರಬಹುದು. ಆ ಕಾಲದಲ್ಲಿ ಹುಡುಗ ತಲೆ ಮೇಲಿಂದ ಕೈ ತಂದು ಆಚೆ ಕಿವಿ ಮುಟ್ಟಿದರೆ ಶಾಲೆಗೆ ಸೇರಿಸಿಕೊಳ್ಳುತ್ತಿದ್ದರು! ಆದರೂ ಅದು ಅರವತ್ತು ವರ್ಷದ ಹಿಂದೆ, ಪಿಂಚಣಿಯ ಆಸೆ ಇಲ್ಲದೆ ಬರೆದ ತಾರೀಖು. ಅದಕ್ಕೇ ಅದಕ್ಕೆ ಬೆಲೆ.

ವಯಸ್ಸಿಗೆ ಆಧಾರ್ ಸಾಕ್ಷಿಯಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೊಂದು ಅಪಘಾತ ಪರಿಹಾರದ ಕೇಸು, ಅಲ್ಲಿ ಶಾಲೆಯ ದಾಖಲೆಯನ್ನು ಎತ್ತಿಹಿಡಿದರು. ಆದರೆ ಆ ತೀರ್ಪು ಹಿಡಿದು ನಾಡಕಚೇರಿ ಕೌಂಟರ್‌ನಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ. ಆಪರೇಟರ್ ಮುಂದೆ ಇರೋದು ಆಧಾರ್ ತಾರೀಖು. ಕೊನೆಗೆ ಆಧಾರ್ ಸರಿ ಆಗಲೇಬೇಕು. ಶಾಲೆ ನಕಲು ಅಲ್ಲಿ ನೇರವಾಗಿ ನಡೆಯುತ್ತೆ ಅಂದುಕೊಳ್ಳಬೇಡಿ, ಒಪ್ಪುವ ದಾಖಲೆಗಳ ಪಟ್ಟಿ ಮೊದಲು ನೋಡಿ. ಜನನ ಪ್ರಮಾಣ ಪತ್ರವೇ ಬೇಕು ಅಂದರೆ, ಇಷ್ಟು ಹಳೆಯದಕ್ಕೆ ಮ್ಯಾಜಿಸ್ಟ್ರೇಟ್ ಆದೇಶ ಆಗಬೇಕು. ಆಗ ನಿಮ್ಮ ಕೈಯಲ್ಲಿರೋ ಗಟ್ಟಿ ಕಾಗದ ಈ ನಕಲೇ.

ಆದಾಯದ ವಿಷಯದಲ್ಲಿ ತಪ್ಪು ನಿಮ್ಮದು, ಬೇಜಾರು ಮಾಡಿಕೊಳ್ಳಬೇಡಿ. ಸ್ಕಾಲರ್‌ಶಿಪ್ ಪತ್ರದಲ್ಲಿರೋದು ಹುಡುಗನ ಅಪ್ಪನ ಆದಾಯ. ಅದನ್ನು ಮಾವನ ಅರ್ಜಿಗೆ ಯಾಕೆ ಲಗತ್ತಿಸಿದಿರಿ? ಪಿಂಚಣಿಗೆ ವರ್ಷಕ್ಕೆ 32,000ದ ಮಿತಿ, ಗಂಡ ಹೆಂಡತಿ ಇಬ್ಬರದೂ ಸೇರಿ. ಬಿಪಿಎಲ್ ಕಾರ್ಡಿಗೆ 1,20,000. ಹಾಗಾಗಿ ಕಾರ್ಡ್ ಇದ್ದವರಿಗೆಲ್ಲ ಪಿಂಚಣಿ ಬರಲ್ಲ. ಮಾವನ ಹೆಸರಲ್ಲಿ ಬೇರೆ ಆದಾಯ ಪತ್ರ ಮಾಡಿಸಿ. ಪಹಣಿಯಲ್ಲಿ ಹೆಸರಿಲ್ಲ ಅಂತ ‘ಜಮೀನಿಲ್ಲ’ ಎಂದು ಮಾತ್ರ ಬರೆದುಕೊಡಬೇಡಿ. ಉಳುಮೆ ಮಾಡೋರು ಯಾರು ಅಂತ ಊರಿಗೇ ಗೊತ್ತಿರುತ್ತೆ. ಒಂದೂವರೆ ಎಕರೆ ಒಣಭೂಮಿ ಇದ್ದ ಮಾತ್ರಕ್ಕೆ ಯಾರೂ ಪಿಂಚಣಿ ತಪ್ಪಿಸಲ್ಲ. ಮುಚ್ಚಿಟ್ಟರೆ ಅನುಮಾನ ಬರುತ್ತೆ. ಬಿಡುವಾದಾಗ ಪೌತಿ ಖಾತೆಯನ್ನೂ, ಅಂದರೆ ತೀರಿಹೋದವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ, ಮಾಡಿಸಿಬಿಡಿ.

ಮಹಜರಿಗೆ, ಅಂದರೆ ಅರ್ಜಿದಾರರ ಮನೆ ಪರಿಶೀಲನೆಗೆ, ಹೋದಾಗ ನಾನು ಮೊದಲು ನೋಡ್ತಿದ್ದದ್ದು ಒಲೆ. ಒಂದೇ ಸೂರಿನ ಕೆಳಗೆ ಎರಡು ಒಲೆ ಇದ್ದರೆ ಮನೆಯ ಕಥೆ ಅಲ್ಲೇ ಗೊತ್ತಾಗ್ತಿತ್ತು. ಮಗ ಬೇರೆ ಅಡುಗೆ ಮಾಡಿಕೊಳ್ಳುತ್ತಿದ್ದರೆ ಮಾವ ಅದನ್ನು ನಾಚಿಕೆ ಬಿಟ್ಟು ಹೇಳಲಿ. ಮರ್ಯಾದೆಗೆ ಅಂಜಿ ‘ಮಗ ಚೆನ್ನಾಗಿ ನೋಡಿಕೊಳ್ತಾನೆ’ ಅನ್ನೋ ಮುದುಕರನ್ನು ಎಷ್ಟೋ ಸಲ ನೋಡಿದ್ದೇನೆ.

ಹಾವೇರಿಯಿಂದ:
ನಮ್ಮ ಅತ್ತೆಗೆ ಕಾಗದ ಎಲ್ಲ ಸರಿ ಇತ್ತು. ಮಂಜೂರಾತಿ ಆದೇಶವೂ ಕೈಗೆ ಬಂತು. ನಾಲ್ಕು ತಿಂಗಳು ದುಡ್ಡೇ ಇಲ್ಲ. ನೋಡಿದರೆ ಬೇರೆ ಬ್ಯಾಂಕಿನಲ್ಲಿ ಯಾವಾಗಲೋ ತೆಗೆಸಿ ಮರೆತ ಖಾತೆಗೆ ಹೋಗಿ ಬೀಳ್ತಿತ್ತು! ಅರ್ಜಿಯಲ್ಲಿ ಯಾವ ಪಾಸ್‌ಬುಕ್ ಕೊಟ್ಟಿದ್ದೀರಿ ಅನ್ನೋದಲ್ಲ, ಆಧಾರ್ ಯಾವ ಖಾತೆಗೆ ಕೊನೆಯಲ್ಲಿ ಜೋಡಣೆ ಆಗಿದೆ ಅನ್ನೋದೇ ಲೆಕ್ಕ. ಬ್ಯಾಂಕಿಗೆ ಹೋದಾಗ ಬರೀ ‘ಆಧಾರ್ ಲಿಂಕ್ ಇದೆಯಾ’ ಅನ್ನಬೇಡಿ, ಇದೆ ಅಂತಾರೆ. ‘ಎನ್‌ಪಿಸಿಐ ಮ್ಯಾಪಿಂಗ್ ಇದೆಯಾ’ ಅಂತ ಕೇಳಿ, ಸರ್ಕಾರದ ದುಡ್ಡು ಯಾವ ಖಾತೆಗೆ ಹೋಗಬೇಕು ಅಂತ ತೋರಿಸೋ ಜೋಡಣೆ ಅದು. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲೂ ಯಾವ ಖಾತೆಗೆ ಹೋಗಿದೆ ಅಂತ ಕಾಣುತ್ತೆ.

ಚಾಮರಾಜನಗರದಿಂದ:
ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ನಮ್ಮ ಬೀದಿಯಲ್ಲಿ ಒಬ್ಬ ವಯಸ್ಸು ಜಾಸ್ತಿ ಮಾಡಿ ಆಧಾರ್ ಪ್ರತಿ ಕೊಡ್ತಿದ್ದ. ಆಮೇಲೆ ಪರಿಶೀಲನೆ ಆಗಿ ಪಿಂಚಣಿ ನಿಂತಿದ್ದು ಅಜ್ಜಿಯರದ್ದು, ಅವನಿಗೇನೂ ಆಗಲಿಲ್ಲ. ನಾಡಕಚೇರಿಯಲ್ಲಿ ಸಕಾಲ ಸ್ವೀಕೃತಿ ತಗೊಳ್ಳಿ, ಅದರಲ್ಲಿ 15 ಅಂಕಿಯ ನಂಬರ್ ಇರುತ್ತೆ. ಪಿಂಚಣಿಗೆ 45 ದಿನದ ಗಡುವು. 155245 ಸಹಾಯವಾಣಿ ಕೂಡ ಇದೆ, 2022ರಲ್ಲಿ ‘ಹಲೋ ಕಂದಾಯ ಸಚಿವರೇ’ ಅಂತ ಶುರುವಾದ ನಂಬರ್. ನಮ್ಮ ಚಿಕ್ಕಪ್ಪನಿಗೆ ಅದರಿಂದಲೇ ಆಯಿತು.

ಬೆಂಗಳೂರಿನಿಂದ, ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಹೋದ ಶನಿವಾರ ಊರಿಗೆ ಹೋಗಿದ್ದೆ. ದಾಖಲಾತಿ ಪುಸ್ತಕ ಸಿಕ್ಕಿತು! ಹೆಸರು ಬೇರೆ ಥರ ಇದೆ, ತಾತನ ಹೆಸರು ಸರಿಯಾಗಿದೆ. ಹುಟ್ಟಿದ ವರ್ಷ 1955. ಮಾವನ ನೆಹರೂ ಲೆಕ್ಕ ಸರಿ ಇತ್ತು. ವೃದ್ಧಾಪ್ಯ ವೇತನಕ್ಕೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡೆ, ಆದಾಯ ಪತ್ರ ಬೇರೆ ಮಾಡಿಸಿದೆ. ಮಾವ ಆ ಶಾಲೆ ನಕಲನ್ನು ಲ್ಯಾಮಿನೇಷನ್ ಮಾಡಿಸು ಅಂತ ಹಟ ಹಿಡಿದಿದ್ದಾರೆ. ಮಾಡಿಸಬಹುದಾ?

ನಿವೃತ್ತ ಗ್ರಾಮಲೆಕ್ಕಿಗ:
ಬೇಡ. ಸೀಲು, ಸಹಿ ಮುಟ್ಟಿ ನೋಡೋ ಅಧಿಕಾರಿಗಳಿದ್ದಾರೆ. ನಾಲ್ಕು ಜೆರಾಕ್ಸ್ ಮಾಡಿಸಿ, ಅಸಲು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಟ್ರಂಕಿನಲ್ಲಿಡಿ. ಮಾವನಿಗೆ ಒಂದು ಜೆರಾಕ್ಸ್ ಲ್ಯಾಮಿನೇಷನ್ ಮಾಡಿಸಿ ಕೊಡಿ.