ಅಂತರರಾಷ್ಟ್ರೀಯ ಅಧ್ಯಯನ ಪದವಿ: ಅಗ್ಗ ಯಾವುದು?

ಪ್ರಶ್ನೆ: ಮಗಳಿಗೆ ಅಮೆರಿಕದಲ್ಲಿ ಅಂತರರಾಷ್ಟ್ರೀಯ ಅಧ್ಯಯನ ಓದುವ ಹಂಬಲ. ಮೂರು ಕಾಲೇಜುಗಳ ಬೋಧನಾ ಶುಲ್ಕವನ್ನು ಪಕ್ಕಪಕ್ಕ ಬರೆದಿಟ್ಟಿದ್ದೇನೆ. ಕಡಿಮೆ ಇರುವುದನ್ನು ಆರಿಸಿದರೆ ಸಾಕಲ್ಲವೇ?

ಉತ್ತರ 1: ಸಾಲದು. ವಿದ್ಯಾರ್ಥಿವೇತನ ಕಳೆದು ಉಳಿಯುವ ನಿವ್ವಳ ವೆಚ್ಚವನ್ನು ಹೋಲಿಸಿ. ಅಲ್ಲಿನ ಕೇಂದ್ರ ಸರ್ಕಾರದ (ಫೆಡರಲ್) ನೆರವು ಪಡೆಯುವ ಕಾಲೇಜುಗಳು 2011ರಿಂದ ಅದರ ಕ್ಯಾಲ್ಕುಲೇಟರನ್ನು ಜಾಲತಾಣದಲ್ಲಿ ಇಡಲೇಬೇಕು. ಆದರೆ ಅದು ಮುಖ್ಯವಾಗಿ ಅಮೆರಿಕದವರಿಗೆ. ವಿದೇಶಿಯರು ನೆರವಿನ ಬಗ್ಗೆ ಕಾಲೇಜಿಗೇ ಬರೆದು ಕೇಳುವುದು ಮೇಲು.

ಉತ್ತರ 2: ಈ ಪದವಿಯಲ್ಲಿ ಖರ್ಚಿನ ನಿಜವಾದ ಹಳ್ಳ ವಿದೇಶಿ ಸೆಮಿಸ್ಟರ್, ಅಂದರೆ ಅಮೆರಿಕದ ಹೊರಗೆ ಬೇರೆ ದೇಶದಲ್ಲಿ ಓದುವ ಅವಧಿ! ಆಗಲೂ ಮೂಲ ಕಾಲೇಜಿನ ಪೂರ್ಣ ಶುಲ್ಕವೇ, ಆ ದೇಶದ ಆತಿಥೇಯ ವಿಶ್ವವಿದ್ಯಾಲಯದ್ದೇ? ವಿಮಾನ, ವೀಸಾ, ವಿಮೆ ಯಾರ ಲೆಕ್ಕಕ್ಕೆ? ಕರಪತ್ರಗಳು ಐಫೆಲ್ ಗೋಪುರ ತೋರಿಸುತ್ತವೆ, ಇದನ್ನು ಹೇಳುವುದಿಲ್ಲ. ಮಗಳಿಗೆ ಫ್ರೆಂಚ್‌ನಂಥ ವಿದೇಶಿ ಭಾಷೆ ಬರುವುದಾದರೆ ಭಾಷಾ ಪರೀಕ್ಷೆಯಿಂದ ಕೆಲವು ಭಾಷಾ ಕೋರ್ಸ್‌ಗಳಿಗೆ ವಿನಾಯಿತಿ ಸಿಗುತ್ತದೆಯೇ ಎಂದೂ ಕೇಳಿ.

ಪ್ರಶ್ನಿಸಿದವರು: ಫ್ರೆಂಚ್ ಬರುತ್ತದೆ. ಮೂರೂ ಕಡೆಗೆ ಇಂದೇ ಮಿಂಚಂಚೆ ಕಳುಹಿಸುತ್ತೇನೆ.