ಅಪ್‌ಡೇಟ್: ಏರ್ ರೈಫಲ್ ಗುರಿ ತಪ್ತಿದ್ದದ್ದು ಸ್ಕ್ರೂವಿಂದ ಮಾರಾಯ್ರೆ!

ಹೋದ ತಿಂಗಳು ಕೇಳಿದ್ದೆನಲ್ಲ, ಬದಿಯಡ್ಕದ ನಮ್ಮ ಮನೆಯ 4.5 ಎಂಎಂ ಏರ್ ರೈಫಲ್ 10 ಮೀಟರಿಗೇ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೋಗ್ತದೆ, ಎಂತ ಮಾಡೋದು ಅಂತ. ಗ್ಯಾಸ್ ಪೋರ್ಟ್ (ಮದ್ದಿನ ಗ್ಯಾಸ್ ಹೋಗುವ ತೂತು) ಕ್ಲೀನ್ ಮಾಡಿ ಅಂದವರಿಗೆ, ಅದು ಗುಂಡು ತಾನೇ ಲೋಡ್ ಆಗುವ ಸೆಮಿ ಆಟೋಮ್ಯಾಟಿಕ್ ಬಂದೂಕಿನ ಕತೆ, ನನ್ನದು ಬ್ಯಾರಲ್ ಮಡಚಿ ಒಂದೊಂದೇ ಪೆಲೆಟ್ (ಸಣ್ಣ ಗುಂಡು) ಹಾಕುವ ಸ್ಪ್ರಿಂಗ್ ಗನ್ನು.

ಸ್ಕೋಪ್ (ಗುರಿ ನೋಡುವ ದುರ್ಬೀನು) ತಿರುಪು ತಿರುಗಿಸಿ ತಿರುಗಿಸಿ ಎರಡು ಡಬ್ಬಿ ಪೆಲೆಟ್ ಖಾಲಿ ಮಾಡಿದ್ದೇ ಬಂತು, ಕೊನೆಗೆ ನೋಡಿದ್ರೆ ಸ್ಟಾಕಿನ (ಗನ್ನು ಕೂರುವ ಹಿಡಿಕೆ ಭಾಗ) ಮುಂದಿನ ಎರಡು ಸ್ಕ್ರೂ ಬೆರಳಲ್ಲೇ ತಿರುಗ್ತಾ ಉಂಟು, ಒಳಗಿನ ಪಿಸ್ಟನ್ ಹೊಡೆತಕ್ಕೆ ಗನ್ನು ಹಿಂದೆ ಮುಂದೆ ಎರಡೂ ಕಡೆ ಕುಲುಕ್ತದಲ್ಲ, ಅದಕ್ಕೇ ಸಡಿಲ ಆಗೋದು. ಟೈಟ್ ಮಾಡಿದೆ, ಸ್ಕೋಪ್ ಕೂರಿಸುವ ಮೌಂಟಿನ ಸ್ಕ್ರೂವನ್ನೂ.

ಇನ್ನೊಂದು ತೊಂದರೆ, ಹೊಡೆಯುವಾಗ ಹೊಗೆ ಬಂದು ಪಟಾಕಿ ಹಾಗೆ ಸದ್ದಾಗ್ತಿದ್ದದ್ದು, ನನ್ನದೇ ಪೆದ್ದುತನ. ಮಳೆಗಾಲಕ್ಕೆ ತುಕ್ಕು ಹಿಡಿಯೋದು ಬೇಡ ಅಂತ ಹೊಲಿಗೆ ಮಿಷಿನ್ ಎಣ್ಣೆ ಗಾಳಿ ಒತ್ತುವ ಕಡೆಗೇ ಬಿಟ್ಟಿದ್ದೆ, ಒತ್ತಡದ ಬಿಸಿಗೆ ಎಣ್ಣೆಯೇ ಹೊತ್ತಿಕೊಳ್ತದಂತೆ, ಡೀಸೆಲ್ ಇಂಜಿನಲ್ಲಿ ಆದ ಹಾಗೆ. ಈಗ ಎಣ್ಣೆ ಹೊರಮೈಗೆ ಮಾತ್ರ.

ನಿನ್ನೆ ಐದು ಪೆಲೆಟೂ ಒಂದು ರೂಪಾಯಿ ನಾಣ್ಯದ ಒಳಗೆ. ಸ್ವಲ್ಪ ಬಲಕ್ಕೆ ಉಂಟು, ನಾಳೆ ಸ್ಕೋಪ್ ತಿರುಪು ಎರಡು ಕ್ಲಿಕ್ ಎಡಕ್ಕೆ ತಿರುಗಿಸಿ ನೋಡ್ತೇನೆ.